ಶ್ರೀ ಮಾಣಿಕಪ್ರಭುಗಳು

ಬೀದರ ಜಿಲ್ಲೆಯ ಬಸವಕಲ್ಯಾಣದಿಂದ ಹುಮನಾಬಾದಿಗೆ ಸುಮಾರು 30 ಕಿಲೋಮೀಟರುಗಳ ದಾರಿ. ಹನ್ನೆರಡನೆಯ ಶತಮಾನದಲ್ಲಿ ಈ ಕಲ್ಯಾಣದಲ್ಲಿಯೇ ಬಸವಣ್ಣನವರು ಕುಲಭೇದವನ್ನೆಣಿಸದೆ ಶರಣರನ್ನು ಒಂದುಗೂಡಿಸಿದರು. ಏಳು ಶತಮಾನಗಳ ತರುವಾಯ ಅದೇ ನೆಲದಲ್ಲಿ ಹುಟ್ಟಿ ಬೆಳೆದು, ಹುಮನಾಬಾದಿನ ಮಗ್ಗುಲಲ್ಲಿ ನೆಲೆನಿಂತು, ಎಲ್ಲ ಮತದವರನ್ನೂ ತಮ್ಮವರೆಂದು ಬರಮಾಡಿಕೊಂಡ ಮಹನೀಯರು ಶ್ರೀ ಮಾಣಿಕಪ್ರಭುಗಳು. ದೇವರನ್ನು ನಂಬಿದವನು ಮನುಷ್ಯರನ್ನೂ ನಂಬಬೇಕೆಂಬುದನ್ನು ಅವರು ತಮ್ಮ ನಡೆಯಿಂದಲೇ ತೋರಿಸಿದರು.

ಮಾಣಿಕಪ್ರಭುಗಳು ಬಸವಕಲ್ಯಾಣದ ಸಮೀಪದ ಲಾಡವಂತಿ ಗ್ರಾಮದಲ್ಲಿ 1817ರ ದತ್ತ ಜಯಂತಿಯ ದಿನ ಜನಿಸಿದರು. ತಂದೆ ಮನೋಹರ ನಾಯಕರು, ತಾಯಿ ಬಯಾದೇವಿ. ದಂಪತಿಗಳು ದತ್ತಾತ್ರೇಯನ ಭಕ್ತರು, ಆಚಾರವಂತರಾದ ಬ್ರಾಹ್ಮಣರು. ಮಾಣಿಕರ ಎಳವೆಯಲ್ಲಿಯೇ ತಂದೆ ತೀರಿಕೊಂಡರು. ಸಂಸಾರದ ಭಾರವು ಸೋದರಮಾವನ ಮೇಲೆ ಬಿದ್ದಿತು. ಅವರು ಅಂದು ಕಲ್ಯಾಣಿಯೆಂದು ಹೆಸರಾಗಿದ್ದ ಬಸವಕಲ್ಯಾಣದಲ್ಲಿ ನವಾಬರ ಆಶ್ರಯದಲ್ಲಿದ್ದವರು. ತಂಗಿಯನ್ನೂ ಅವಳ ಮಕ್ಕಳನ್ನೂ ತಮ್ಮ ಮನೆಗೆ ಕರೆತಂದು ಸಾಕಿದರು.

ಬಾಲಕ ಮಾಣಿಕನಿಗೆ ಪಾಠಗಳಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಕಾಡುಮೇಡು, ಗುಡಿಗುಂಡಾರಗಳಲ್ಲಿ ಅಲೆಯುವುದೆಂದರೆ ಅವನಿಗೆ ಬಲು ಪ್ರೀತಿ. ಜೊತೆಯ ಹುಡುಗರಲ್ಲಿ ಯಾವ ಜಾತಿ, ಯಾವ ಮತ ಎಂಬ ವಿಚಾರ ಅವನಿಗೆ ಹೊಳೆಯುತ್ತಲೇ ಇರಲಿಲ್ಲ. ಮಗನು ದಾರಿಗೆ ಬರಲೆಂಬ ಹಿತಚಿಂತನೆಯಿಂದ ಹಿರಿಯರು ಅವನನ್ನು ಸುಂಕದ ಕಟ್ಟೆಯ ಕೆಲಸಕ್ಕೆ ಸೇರಿಸಿದರೆಂದು ಚರಿತ್ರಕಾರರು ಹೇಳುತ್ತಾರೆ. ಬಡ ಮನೆತನಕ್ಕೆ ಅದು ಚಿಕ್ಕ ಆಸರೆಯೇನೂ ಆಗಿರಲಿಲ್ಲ. ಆದರೆ ಆ ಉದ್ಯೋಗದಲ್ಲಿ ಮಾಣಿಕರು ಬಹುಕಾಲ ನಿಲ್ಲಲಿಲ್ಲ. ಹುದ್ದೆಯನ್ನು ಬಿಟ್ಟರು, ಕೆಲದಿನಗಳಲ್ಲಿ ಮನೆಯನ್ನೂ ಬಿಟ್ಟರು. ಕೈಯಲ್ಲಿ ಹಣವಿಲ್ಲ, ತಲೆಯ ಮೇಲೆ ಸೂರಿಲ್ಲ. ನಾಳಿನ ಅನ್ನವನ್ನು ಭಗವಂತನಿಗೆ ಒಪ್ಪಿಸಿ ಹೊರಟ ಆ ತರುಣನ ನಡೆ ಬಂಧುಗಳಿಗೆ ಅವಿವೇಕವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಬಸವಕಲ್ಯಾಣದ ಸುತ್ತಲಿನ ಅರಣ್ಯದಲ್ಲಿಯೂ ಗುಹೆಯಲ್ಲಿಯೂ ಅವರು ಏಕಾಂತವಾಗಿ ತಪಸ್ಸು ಮಾಡಿದರು. ಆಮೇಲೆ ಊರಿಂದೂರಿಗೆ ಸಂಚರಿಸಿದರು. ಮೈಲಾರ, ಬೀದರಗಳಲ್ಲಿ ಕೆಲಕಾಲ ತಂಗಿದರು. ಹೋದಲ್ಲೆಲ್ಲ ಜನ ನೆರೆಯಿತು. ಕೊನೆಗೆ 1845ರಲ್ಲಿ ಹುಮನಾಬಾದಿನ ಹೊರವಲಯದಲ್ಲಿ, ವಿರಜಾ ಮತ್ತು ಗುರುಗಂಗಾ ಎಂಬ ಎರಡು ಹೊಳೆಗಳು ಕೂಡುವ ಸ್ಥಳದಲ್ಲಿ ಅವರು ನೆಲೆನಿಂತರು. ಆ ನಿರ್ಜನ ಪ್ರದೇಶವೇ ಬರಬರುತ್ತ ಮಾಣಿಕನಗರವಾಯಿತು.

ಅಂದಿನ ಪರಿಸ್ಥಿತಿಯನ್ನು ನಾವು ನೆನೆಯಬೇಕು. ಈ ಸೀಮೆ ಆಗ ಹೈದರಾಬಾದಿನ ನಿಜಾಮರ ರಾಜ್ಯಕ್ಕೆ ಸೇರಿತ್ತು. ಕನ್ನಡ, ಮರಾಠಿ, ತೆಲುಗು, ಉರ್ದು ಭಾಷೆಗಳನ್ನಾಡುವ ಜನರು ಒಂದೇ ಪೇಟೆಯಲ್ಲಿ ವ್ಯವಹರಿಸುತ್ತಿದ್ದರು. ಆದರೆ ಪೇಟೆಯಲ್ಲಿ ಕೂಡಿದವರು ಪಂಕ್ತಿಯಲ್ಲಿಯೂ ಪ್ರಾರ್ಥನೆಯಲ್ಲಿಯೂ ಬೇರೆ ಬೇರೆಯಾಗುತ್ತಿದ್ದರು. ನೆರೆಯವನ ದೇವರನ್ನು ಸಂಶಯದಿಂದ ನೋಡುವವನು ನೆರೆಯವನನ್ನೂ ಸಂಶಯದಿಂದಲೇ ನೋಡುತ್ತಾನೆ. ಪ್ರಭುಗಳು ಈ ಸಂಶಯದ ಮೂಲಕ್ಕೇ ಕೈಹಾಕಿದರು. ಎಲ್ಲ ಮತಗಳೂ ಒಂದೇ ಪರಮ ಚೈತನ್ಯವನ್ನು ಕಾಣುವ ದಾರಿಗಳೆಂದು ಬೋಧಿಸಿದರು. ಅವರ ಮಾರ್ಗಕ್ಕೆ ಸಕಲಮತ ಸಂಪ್ರದಾಯವೆಂದು ಹೆಸರಾಯಿತು. ಬಂದವರು ತಮ್ಮ ಮತವನ್ನು ತೊರೆಯಬೇಕಾಗಿರಲಿಲ್ಲ. ಇತರರ ಮತವನ್ನು ಹಳಿಯದೆ ತಮ್ಮದರಲ್ಲಿ ದೃಢವಾಗಿ ನಿಂತರೆ ಸಾಕಾಗಿತ್ತು. ಹೀಗಾಗಿ ದತ್ತಭಕ್ತರು ಅವರಲ್ಲಿ ದತ್ತಾತ್ರೇಯನನ್ನು ಕಂಡರು; ಲಿಂಗಾಯತರು ಬಸವಣ್ಣನನ್ನು ಕಂಡರು; ಮುಸಲ್ಮಾನರು ಮೆಹಬೂಬ ಸುಭಾನಿಯೆಂದು ಗೌರವಿಸಿದರು. ಪ್ರಭುಗಳು ಸ್ವತಃ ಮರಾಠಿ, ಕನ್ನಡ, ಹಿಂದುಸ್ತಾನಿ, ಸಂಸ್ಕೃತ ಭಾಷೆಗಳಲ್ಲಿ ಪದಗಳನ್ನು ರಚಿಸಿದರು. ಆ ಹಾಡುಗಳನ್ನು ಕೇಳಿದವರು ಆ ಅಂಗಳದಲ್ಲಿ ತಾವು ಪರಕೀಯರೆಂದು ಭಾವಿಸುವಂತಿರಲಿಲ್ಲ.

ಅವರ ಬಳಿಗೆ ಧನಿಕರು ಬಂದರು, ಅಧಿಕಾರಿಗಳು ಬಂದರು. ಕಾಣಿಕೆಗಳ ರಾಶಿಯೇ ಬಂದಿತು. ಆದರೆ ಬೆಳಿಗ್ಗೆ ಬಂದ ದ್ರವ್ಯ ಸಂಜೆಯವರೆಗೆ ಉಳಿಯುತ್ತಿರಲಿಲ್ಲ. ಹಸಿದವರಿಗೆ ಅನ್ನವಾಗಿ, ಬಡವರಿಗೆ ವಸ್ತ್ರವಾಗಿ, ಕಲಾವಿದರಿಗೆ ಸಂಭಾವನೆಯಾಗಿ ಅದು ಹರಿದುಹೋಗುತ್ತಿತ್ತು. ನಾಳೆಗೆಂದು ಕೂಡಿಡುವುದು ದೇವರ ಮೇಲಿನ ಅವಿಶ್ವಾಸವೆಂದೇ ಅವರು ಬಗೆದಂತಿತ್ತು. ಅವರ ಪವಾಡಗಳನ್ನು ಕುರಿತು ಅನೇಕ ಕಥೆಗಳು ಪ್ರಚಲಿತವಾಗಿವೆ. ಅವುಗಳನ್ನು ಬದಿಗಿರಿಸಿ ನೋಡಿದರೂ ಇಂಥ ನಿರ್ಲೋಭತೆ ಸಾಮಾನ್ಯವಾದುದಲ್ಲ.

ವಿಶ್ವಾಸಕ್ಕೆ ಬೆಲೆ ತೆರಬೇಕಾಗುತ್ತದೆ. ವೈಶ್ಯ ಮನೆತನದ ವೆಂಕಮ್ಮ ಎಂಬ ತರುಣ ವಿಧವೆ ಪ್ರಭುಗಳ ಸನ್ನಿಧಿಯಲ್ಲಿ ಸೇವೆಗೆ ನಿಂತಳು. ಆ ಕಾಲದಲ್ಲಿ ವಿಧವೆಯ ಬಾಳು ಮನೆಯ ಮೂಲೆಗೆ ಮೀಸಲಾಗಿತ್ತು. ಹೊಸ್ತಿಲು ದಾಟಿ ಬಂದವಳನ್ನು ಲೋಕವು ಸುಲಭವಾಗಿ ಕ್ಷಮಿಸುವಂತಿರಲಿಲ್ಲ. ಅವಳಿಗೆ ಎಡೆಗೊಟ್ಟವರನ್ನೂ ಬಿಡುವಂತಿರಲಿಲ್ಲ. ಆದರೂ ಅವಳು ಹಿಂದಿರುಗಲಿಲ್ಲ. ಪ್ರಭುಗಳೂ ಅವಳನ್ನು ಹಿಂದೆ ಕಳುಹಲಿಲ್ಲ. ಅವಳ ನಿಷ್ಠೆಯನ್ನು ಅವರು ನಂಬಿದರು. ಅವರ ಪಾವನತೆಯನ್ನು ಅವಳು ನಂಬಿದಳು. ಕಾಲವು ಆ ನಂಬಿಕೆಯನ್ನೇ ಎತ್ತಿಹಿಡಿಯಿತು. ಇಂದು ಮಾಣಿಕನಗರದಲ್ಲಿ ದೇವಿ ವೆಂಕಮ್ಮನ ಗುಡಿಯಿದೆ. ಬಂದ ಭಕ್ತರು ಅಲ್ಲಿಯೂ ತಲೆಬಾಗುತ್ತಾರೆ.

ಪ್ರಭುಗಳು 1865ರ ಮಾರ್ಗಶಿರ ಶುದ್ಧ ಏಕಾದಶಿಯಂದು ಸಮಾಧಿಸ್ಥರಾದರು. ಆಗ ಅವರಿಗೆ ಐವತ್ತು ವರ್ಷವೂ ತುಂಬಿರಲಿಲ್ಲ. ತಮ್ಮ ಪೀಠವನ್ನು ಅವರು ತಮ್ಮನ ಮಗನಾದ ಮನೋಹರನಿಗೆ ಒಪ್ಪಿಸಿದ್ದರು. ಆತನಿನ್ನೂ ಬಾಲಕ. ಅಷ್ಟು ದೊಡ್ಡ ಸಂಸ್ಥಾನವನ್ನು ಅಷ್ಟು ಎಳೆಯ ಹೆಗಲಿಗೆ ಏರಿಸುವಾಗ ಅವರು ಆ ಬಾಲಕನ ಯೋಗ್ಯತೆಯನ್ನೂ, ಸುತ್ತಲಿನ ಜನರ ಸದ್ಭಾವವನ್ನೂ ಒಟ್ಟಿಗೆ ನಂಬಬೇಕಾಯಿತು. ಆ ಪರಂಪರೆ ಮುರಿಯದೆ ಇಂದಿಗೂ ನಡೆದುಬಂದಿದೆ. ಪ್ರತಿವರ್ಷ ದತ್ತ ಜಯಂತಿಯ ಸಮಯದಲ್ಲಿ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳಿಂದ ಜನರು ಬಂದು ಸೇರುತ್ತಾರೆ. ಸಂಗೀತ ಸೇವೆ ನಡೆಯುತ್ತದೆ. ಅಂಧ ಮಕ್ಕಳಿಗಾಗಿ ಸಂಸ್ಥಾನವು ಶಾಲೆಯನ್ನೂ ಸ್ಥಾಪಿಸಿದೆ.

ನಂಬಿಕೆಯೆಂದರೆ ಕಣ್ಣುಮುಚ್ಚಿ ಕುಳಿತಿರುವುದೆಂದು ಕೆಲವರು ತಿಳಿಯುತ್ತಾರೆ. ಪ್ರಭುಗಳ ಜೀವನವು ಬೇರೆಯದನ್ನೇ ಹೇಳುತ್ತದೆ. ಅವರು ಜೀವನೋಪಾಯವನ್ನು ಬಿಟ್ಟಾಗ, ಬಂದುದನ್ನು ಹಂಚಿದಾಗ, ಪರಮತದವರಿಗೆ ಬಾಗಿಲು ತೆರೆದಾಗ, ಜನನಿಂದೆಗೆ ಅಂಜದಿದ್ದಾಗ, ಪ್ರತಿಸಲವೂ ಸಂಶಯಪಡಲು ಕಾರಣಗಳಿದ್ದವು. ಆ ಕಾರಣಗಳನ್ನು ಕಂಡೂ ಅವರು ವಿಶ್ವಾಸವನ್ನೇ ಆರಿಸಿಕೊಂಡರು. ನೆರೆಯವನನ್ನು ಅವನ ಹೆಸರಿನಿಂದಲೂ ಉಡುಪಿನಿಂದಲೂ ಅಳೆದು ದೂರವಿಡುವ ಪ್ರಸಂಗ ನಮ್ಮ ಬಾಳಿನಲ್ಲಿಯೂ ಬರುತ್ತದೆ. ಆಗ ಹುಮನಾಬಾದಿನ ಆ ಸಂಗಮದ ದಡವನ್ನು ನೆನೆದು ಒಂದು ಹೆಜ್ಜೆ ಮುಂದಿಟ್ಟರೆ, ಈ ಮಹಾತ್ಮರ ಚರಿತ್ರೆಯನ್ನು ಓದಿದ್ದು ಸಾರ್ಥಕವಾಗುತ್ತದೆ.