ಹಡಗಿನ ಹೊಟ್ಟೆಗೆ ಗೆರೆ ಎಳೆಸಿದ ಪ್ಲಿಮ್ಸಾಲ್

ಪ್ರಥಮ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ನೌಕಾ ವಿಮೆ ಎಂಬ ಒಂದು ಸಣ್ಣ ಭಾಗ ಬರುತ್ತದೆ. ಹಡಗಿನ ವಿಮೆ, ಸರಕಿನ ವಿಮೆ, ಸಾಗಣೆ ಬಾಡಿಗೆಯ ವಿಮೆ ಎಂದು ಮೂರು ಬಗೆ. ನಷ್ಟವಾದಷ್ಟೇ ಪರಿಹಾರ ಸಿಗಬೇಕು, ವಿಮೆಯಿಂದ ಲಾಭ ಮಾಡಿಕೊಳ್ಳುವಂತಿಲ್ಲ ಎಂಬ ತತ್ವವನ್ನು ನಾವು ಕಾಮರ್ಸ್‌ನವರೆಲ್ಲ ಅಂಕಕ್ಕಾಗಿ ಬಾಯಿಪಾಠ ಮಾಡಿದ್ದೇವೆ. ಆ ತತ್ವವನ್ನು ಪಾಲಿಸದಿದ್ದರೆ ಜನ ಸಾಯುತ್ತಾರೆ ಎಂದು ನನಗೆ ತಿಳಿದದ್ದು ಸ್ಯಾಮುಯೆಲ್ ಪ್ಲಿಮ್ಸಾಲ್ ಅವರ ಜೀವನವನ್ನು ಓದಿದ ಮೇಲೆ.

ಪ್ಲಿಮ್ಸಾಲ್ ಅವರು 1824ರ ಫೆಬ್ರವರಿ 10ರಂದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿದರು. ಚಿಕ್ಕ ವಯಸ್ಸಿಗೇ ಶಾಲೆ ಬಿಟ್ಟು ಶೆಫೀಲ್ಡ್‌ನಲ್ಲಿ ಗುಮಾಸ್ತರಾಗಿ ದುಡಿದು, ಮುಂದೆ ಮ್ಯಾನೇಜರ್ ಆದರು. 1853ರಲ್ಲಿ ಲಂಡನ್ನಿಗೆ ಹೋಗಿ ಕಲ್ಲಿದ್ದಲು ವ್ಯಾಪಾರಕ್ಕೆ ಇಳಿದರು. ಕೈಯಲ್ಲಿದ್ದದ್ದೆಲ್ಲ ಹೋಯಿತು. ಕೂಲಿಯವರು ತಂಗುವ ಅಗ್ಗದ ವಸತಿಯಲ್ಲಿ, ವಾರಕ್ಕೆ ಎಂಟು ಶಿಲ್ಲಿಂಗ್‌ಗಿಂತ ಕಡಿಮೆ ಹಣದಲ್ಲಿ ದಿನ ದೂಡಿದರು. ಬಡವರು ಒಬ್ಬರಿಗೊಬ್ಬರು ಹೇಗೆ ಆಸರೆಯಾಗುತ್ತಾರೆ ಎಂಬುದನ್ನು ಅವರು ಕಂಡದ್ದು ಅಲ್ಲೇ. ಆಮೇಲೆ, ರೈಲಿನಿಂದ ಇಳಿಸುವಾಗ ಕಲ್ಲಿದ್ದಲು ಬಿದ್ದು ಪುಡಿಯಾಗದಂತೆ ಒಂದು ವ್ಯವಸ್ಥೆ ಮಾಡಿ, ಅದೇ ವ್ಯಾಪಾರದಲ್ಲಿ ಚೆನ್ನಾಗಿ ಸಂಪಾದಿಸಿದರು. 1868ರಲ್ಲಿ ಡರ್ಬಿ ಊರಿನಿಂದ ಪಾರ್ಲಿಮೆಂಟಿಗೆ ಆಯ್ಕೆಯಾದರು. ಅವರು ನಾವಿಕರಲ್ಲ, ಹಡಗು ಮಾಲೀಕರೂ ಅಲ್ಲ. ಆದರೂ ಅವರ ಹೆಸರು ಉಳಿದಿರುವುದು ಹಡಗಿನ ಮೇಲೆಯೇ.

ಆಗಿನ ಹಡಗುಗಳ ಸ್ಥಿತಿ ಸ್ವಲ್ಪ ತಿಳಿದರೆ ಇದು ಅರ್ಥವಾಗುತ್ತದೆ. ಈಗ ಎಣ್ಣೆಗೆ ಟ್ಯಾಂಕರ್, ಅದಿರು ಕಲ್ಲಿದ್ದಲಿಗೆ ಬಲ್ಕ್ ಕ್ಯಾರಿಯರ್, ಪೆಟ್ಟಿಗೆಗಳಿಗೆ ಕಂಟೇನರ್ ಹಡಗು, ಕಾರುಗಳಿಗೆ ಬೇರೆ ಹಡಗು ಎಂದು ಸರಕಿಗೆ ತಕ್ಕ ಹಡಗಿದೆ. ಆಗ ಹೆಚ್ಚಾಗಿ ಒಂದೇ ಹಡಗು ಇವತ್ತು ಕಲ್ಲಿದ್ದಲು, ನಾಳೆ ಗೋಧಿ, ಮರುದಿನ ಮರ ಹೊರುತ್ತಿತ್ತು. ಆದರೆ ಪ್ರತಿ ಸರಕಿನ ಸ್ವಭಾವ ಬೇರೆ. ಮೂಟೆಗೆ ತುಂಬದೆ ಸುರಿದ ಗೋಧಿ ನೀರಿನ ಹಾಗೆ ಹರಿಯುತ್ತದೆ. ಅಲೆಗೆ ಹಡಗು ಒಂದು ಕಡೆ ವಾಲಿದರೆ ಕಾಳೆಲ್ಲ ಆ ಕಡೆಗೇ ಜಾರುತ್ತದೆ, ಹಡಗು ಮತ್ತೆ ನೆಟ್ಟಗಾಗುವುದಿಲ್ಲ. ಕಬ್ಬಿಣದ ಹಳಿ ತುಂಬಿದರೆ ಇನ್ನೊಂದು ಮೋಸ: ಒಳಗೆ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಕಾಣುತ್ತದೆ, ಆದರೆ ಹಡಗು ಆಗಲೇ ಕುತ್ತಿಗೆ ಮಟ್ಟ ಮುಳುಗಿರುತ್ತದೆ. ಮರದ ದಿಮ್ಮಿಗಳನ್ನು ಡೆಕ್ಕಿನ ಮೇಲೆ ಪೇರಿಸಿದರೆ ಭಾರ ಮೇಲಾಗಿ ಮಗುಚುವ ಭಯ.

ಇದೆಲ್ಲ ಮಾಲೀಕರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಬಾಡಿಗೆ ಸಿಗುವುದು ತೂಕದ ಮೇಲೆ. ಜೊತೆಗೆ ವಿಮೆ. ಹಡಗಿನ ಬೆಲೆಯನ್ನು ಪಾಲಿಸಿಯಲ್ಲಿ ಮೊದಲೇ ಒಪ್ಪಿ ಬರೆಯುತ್ತಿದ್ದರು, ಹಳೆಯ ಹಡಗಿಗೂ ದೊಡ್ಡ ಮೊತ್ತ ಹಾಕಿಸಬಹುದಿತ್ತು. ಒಂದು ಪಾಲಿಸಿಯನ್ನು ಹಲವು ವಿಮಾದಾರರು ಸ್ವಲ್ಪ ಸ್ವಲ್ಪ ಹಂಚಿಕೊಳ್ಳುತ್ತಿದ್ದರಿಂದ, ತನ್ನ ಚಿಕ್ಕ ಪಾಲಿಗಾಗಿ ಯಾರೂ ಕೋರ್ಟು ಹತ್ತುತ್ತಿರಲಿಲ್ಲ. ಹಡಗು ದಡ ಸೇರಿದರೂ ಲಾಭ, ಮುಳುಗಿದರೂ ನಷ್ಟವಿಲ್ಲ. ಇಂಥ ಹಡಗುಗಳನ್ನು ಜನ ಶವಪೆಟ್ಟಿಗೆ ಹಡಗು ಎಂದೇ ಕರೆದರು. ಎಲ್ಲ ಮಾಲೀಕರೂ ಹೀಗಿರಲಿಲ್ಲ ಎಂಬುದನ್ನೂ ಹೇಳಬೇಕು. ಭಾರಕ್ಕೆ ಮಿತಿ ಬೇಕು ಎಂದು ಪ್ಲಿಮ್ಸಾಲ್ ಅವರಿಗಿಂತ ಮೊದಲೇ ಹೇಳಿದ ಜೇಮ್ಸ್ ಹಾಲ್ ಸ್ವತಃ ಹಡಗು ಮಾಲೀಕರು.

ನನಗೆ ಅತಿ ಕಷ್ಟವೆನಿಸಿದ್ದು ನಾವಿಕರ ಪಾಡು. ಕರಾರಿಗೆ ಸಹಿ ಹಾಕಿದ ಮೇಲೆ ಹಡಗು ನೋಡಿ, ಇದು ಮುಳುಗುತ್ತದೆ ಎಂದು ಹಿಂದೆ ಸರಿದವರನ್ನು ಜೈಲಿಗೆ ಹಾಕುತ್ತಿದ್ದರು. ನನ್ನ ಅಬ್ಬಾ ಲಾರಿ ಚಾಲಕರು. ಅವರು ಮೊದಲು ಕೆಲಸ ಮಾಡುತ್ತಿದ್ದ ಕಡೆ ಲೋಡು ಎಷ್ಟು ಎಂದು ಚಾಲಕ ಕೇಳುವಂತಿರಲಿಲ್ಲ. ಕೇಳಿದವನಿಗೆ ಮರುದಿನ ಗಾಡಿ ಸಿಗುತ್ತಿರಲಿಲ್ಲ. ಘಾಟಿ ಇಳಿಯುವಾಗ ಬ್ರೇಕ್ ಹಿಡಿಯದಿದ್ದರೆ ಸ್ಟೀಯರಿಂಗ್ ಹಿಂದೆ ಇರುವವನು ಮಾಲೀಕನಲ್ಲವಲ್ಲ. ಹಾಗಾಗಿ ಈ ಕಥೆಯನ್ನು ಮನೆಯಲ್ಲಿ ಉರ್ದುವಿನಲ್ಲಿ ಹೇಳಿದಾಗ ಅಬ್ಬಾ ಕಿವಿಗೊಟ್ಟು ಕೇಳಿದರು.

1873ರಲ್ಲಿ ಪ್ಲಿಮ್ಸಾಲ್ ಅವರು ನಾವಿಕರ ಬಗ್ಗೆ ಒಂದು ಪುಸ್ತಕ ಹೊರತಂದರು. ಅದರಲ್ಲಿ ಆವೇಶ ಹೆಚ್ಚಿತ್ತು. ಕೆಲವು ಮಾಲೀಕರು ಮಾನನಷ್ಟ ಮೊಕದ್ದಮೆ ಹಾಕಿದರು. ಆದರೂ ದೇಶವೇ ಎಚ್ಚೆತ್ತು ಅದೇ ವರ್ಷ ವಿಚಾರಣಾ ಆಯೋಗ ನೇಮಕವಾಯಿತು. 1875ರ ಜುಲೈ 22ರಂದು ಪ್ರಧಾನಿ ಡಿಸ್ರೇಲಿ ಹಡಗು ಮಸೂದೆಯನ್ನು ಕೈಬಿಡುವುದಾಗಿ ಹೇಳಿದಾಗ ಪ್ಲಿಮ್ಸಾಲ್ ಅವರ ತಾಳ್ಮೆ ತಪ್ಪಿತು. ಸಭೆಯಲ್ಲೇ ಕೆಲವು ಸದಸ್ಯರನ್ನು ದುಷ್ಟರೆಂದು ಕರೆದರು, ಸ್ಪೀಕರ್ ಕಡೆ ಮುಷ್ಟಿ ಬೀಸಿದರು. ಒಂದು ವಾರದ ನಂತರ ಕ್ಷಮೆ ಕೇಳಿದರು. ಆದರೆ ಅಷ್ಟರಲ್ಲಿ ಜನ ಅವರ ಪರವಾಗಿ ನಿಂತಿದ್ದರು. ಸರ್ಕಾರ ಅವಸರದಲ್ಲಿ ತಾತ್ಕಾಲಿಕ ಕಾನೂನು ತಂದಿತು. ಗೋಧಿಯನ್ನು ಮೂಟೆ ಕಟ್ಟಬೇಕು ಅಥವಾ ಜಾರದಂತೆ ಹಲಗೆ ಅಡ್ಡ ಇಡಬೇಕು ಎಂಬ ನಿಯಮ ಅದರಲ್ಲೇ ಬಂತು. 1876ರ ಕಾನೂನು ಹಡಗಿನ ಪಕ್ಕದಲ್ಲಿ ಭಾರದ ಗೆರೆ ಇರಲೇಬೇಕೆಂದಿತು, ಚಳಿಗಾಲದಲ್ಲಿ ಡೆಕ್ಕಿನ ಮೇಲೆ ಮರ ಪೇರಿಸುವುದಕ್ಕೂ ತಡೆ ಹಾಕಿತು.

ಇಲ್ಲಿಗೆ ಬಂದಾಗ ಅಬ್ಬಾ ಒಂದೇ ಪ್ರಶ್ನೆ ಕೇಳಿದರು: ಆ ಗೆರೆಯನ್ನು ಯಾರು ಎಳೆಯುವುದು, ಮಾಲೀಕನೋ ಸರ್ಕಾರವೋ? ಅವರು ಕಾನೂನು ಓದಿದವರಲ್ಲ. ಆದರೆ ತೂತು ಇದ್ದದ್ದು ಸರಿಯಾಗಿ ಅಲ್ಲೇ. ಗೆರೆ ಎಲ್ಲಿರಬೇಕೆಂದು ತೀರ್ಮಾನಿಸುವುದನ್ನು ಮಾಲೀಕರಿಗೇ ಬಿಟ್ಟಿದ್ದರು. ಒಬ್ಬ ಮಾಲೀಕ ಅದನ್ನು ಹೊಗೆ ಕೊಳವೆಯ ಮೇಲೆ ಬರೆಸಿದ ಎಂಬ ಕಥೆಯೂ ಇದೆ. 1890ರ ಕಾನೂನು ಬಂದ ಮೇಲೆಯೇ ಗೆರೆಯ ಜಾಗವನ್ನು ಸರ್ಕಾರದ ನಿಯಮ ನಿಗದಿ ಮಾಡಿತು. ನಡುವಿನ ಹದಿನಾಲ್ಕು ವರ್ಷ ಹೆಸರಿಗೆ ಮಾತ್ರ ಗೆರೆ.

ಇಂದು ಪಣಂಬೂರಿನ ನವಮಂಗಳೂರು ಬಂದರಿಗೆ ಕಲ್ಲಿದ್ದಲು ಅಥವಾ ಕಚ್ಚಾ ತೈಲ ತರುವ ಹಡಗಿನ ನಡುಭಾಗದಲ್ಲಿ ಒಂದು ವೃತ್ತ, ಅದರ ನಡುವೆ ಅಡ್ಡಗೆರೆ ಇರುತ್ತದೆ. ಪಕ್ಕದಲ್ಲಿ ಏಣಿಯಂತೆ ಇನ್ನಷ್ಟು ಗೆರೆಗಳು: ಉಷ್ಣವಲಯಕ್ಕೆ ಟಿ, ಬೇಸಿಗೆಗೆ ಎಸ್, ಚಳಿಗಾಲಕ್ಕೆ ಡಬ್ಲ್ಯು. ಸಿಹಿನೀರಿಗೆ ಎಫ್, ಏಕೆಂದರೆ ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ಹಡಗು ಹೆಚ್ಚು ಇಳಿಯುತ್ತದೆ. ನಮ್ಮ ಅರಬ್ಬಿ ಸಮುದ್ರ ಉಷ್ಣವಲಯದ್ದಾದರೂ ಮುಂಗಾರಿನ ಅಬ್ಬರದ ತಿಂಗಳುಗಳಲ್ಲಿ ಟಿ ಗೆರೆ ನಡೆಯುವುದಿಲ್ಲ, ಅದರ ಕೆಳಗಿನ ಎಸ್ ಗೆರೆಗೇ ನಿಲ್ಲಿಸಬೇಕು. ಮಳೆಗಾಲಕ್ಕೆ ಬೇಸಿಗೆ ಗೆರೆ!

ಪ್ಲಿಮ್ಸಾಲ್ ಅವರು 1880ರಲ್ಲಿ ಗೆದ್ದ ಸ್ಥಾನವನ್ನು ಹಾರ್ಕೋರ್ಟ್ ಎಂಬ ನಾಯಕರಿಗೆ ಬಿಟ್ಟುಕೊಟ್ಟರು. ಆದರೆ ಸುಮ್ಮನೆ ಕೂರಲಿಲ್ಲ. 1890ರಲ್ಲಿ ದನ ಸಾಗಿಸುವ ಹಡಗುಗಳ ಬಗ್ಗೆ ಇನ್ನೊಂದು ಪುಸ್ತಕ ಬರೆದರು. ಅಮೆರಿಕದಿಂದ ಜೀವಂತ ದನಗಳನ್ನು ಡೆಕ್ಕಿನ ಮೇಲೂ ತುಂಬಿ ಅಟ್ಲಾಂಟಿಕ್ ದಾಟಿಸುತ್ತಿದ್ದ ಕಾಲ ಅದು. ಬಿರುಗಾಳಿಯಲ್ಲಿ ಪ್ರಾಣಿಗಳ ಕಾಲು ಮುರಿಯುತ್ತಿತ್ತು, ಮೇಲಿನ ಭಾರದಿಂದ ಹಡಗಿಗೂ ಅಪಾಯ. ಹೆಪ್ಪುಗಟ್ಟಿಸಿದ ಮಾಂಸವನ್ನು ಶೀತಲ ಕೋಣೆಯ ಹಡಗಿನಲ್ಲಿ ನ್ಯೂಜಿಲೆಂಡ್‌ನಿಂದ ಲಂಡನ್ನಿಗೆ 1882ರಲ್ಲೇ ಸಾಗಿಸಿ ತೋರಿಸಿದ್ದರೂ ಈ ಹಿಂಸೆ ನಿಂತಿರಲಿಲ್ಲ.

1898ರ ಜೂನ್ 3ರಂದು ಅವರು ಕಡಲ ತೀರದ ಫೋಕ್‌ಸ್ಟನ್ ಊರಿನಲ್ಲಿ ತೀರಿಕೊಂಡರು. ಆ ತೀರದ ಮುಂದೆ ಹಾದುಹೋಗುತ್ತಿದ್ದ ಬೇರೆ ದೇಶಗಳ ಹಡಗುಗಳಿಗೆ ಆಗಿನ್ನೂ ಬ್ರಿಟನ್ನಿನ ಗೆರೆ ಅನ್ವಯಿಸುತ್ತಿರಲಿಲ್ಲ. ಬ್ರಿಟಿಷ್ ಬಂದರಿಗೆ ಬರುವ ವಿದೇಶಿ ಹಡಗುಗಳಿಗೂ ಅದನ್ನು ಕಡ್ಡಾಯ ಮಾಡಿದ್ದು 1906ರಲ್ಲಿ. ಹಲವು ದೇಶಗಳು ಲಂಡನ್ನಿನಲ್ಲಿ ಸೇರಿ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿದ್ದು 1930ರಲ್ಲಿ.