ಹಳೇ ಮಸಲ್ ಕಾರುಗಳು ನಿಜಕ್ಕೂ ಅಷ್ಟು ಗಟ್ಟಿಯೇ? ಎಡ್ ಕೋಲ್ ಬದುಕಿನಲ್ಲಿದೆ ಉತ್ತರ

1960ರ ದಶಕದ ಅಮೆರಿಕದ ಮಸಲ್ ಕಾರುಗಳಿಗಿದ್ದ ಪವರ್, ಬಾಳಿಕೆ ಇಂದಿನ ಕಾರುಗಳಿಗಿಲ್ಲ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಇದು ಅರ್ಧ ಸತ್ಯ. ಆ ಕಾಲದ ಎಂಜಿನಿಯರ್ ಎಡ್ ಕೋಲ್ ಅವರ ಬದುಕು ನೋಡಿದರೆ ಉಳಿದರ್ಧ ತಿಳಿಯುತ್ತದೆ.

ಎಂಜಿನ್ ಗಟ್ಟಿ: ನಿಜ

ಕೋಲ್ ಹುಟ್ಟಿದ್ದು 1909ರಲ್ಲಿ, ಮಿಷಿಗನ್ ರಾಜ್ಯದ ಹೈನುಗಾರರ ಮನೆಯಲ್ಲಿ. ಜನರಲ್ ಮೋಟರ್ಸ್ (ಜಿಎಂ) ನಡೆಸುತ್ತಿದ್ದ ಸಂಸ್ಥೆಯಲ್ಲಿ ಓದಿ ಅದೇ ಕಂಪನಿ ಸೇರಿದರು. 1952ರಲ್ಲಿ ಅದರ ಷೆವ್ರೊಲೆ ವಿಭಾಗದ ಮುಖ್ಯ ಎಂಜಿನಿಯರ್ ಆದರು. ಅವರ ತಂಡ 1955ರ ಕಾರುಗಳಿಗೆ ರೂಪಿಸಿದ ‘ಸ್ಮಾಲ್ ಬ್ಲಾಕ್’ ವಿ8 ಎಂಜಿನ್ ಹಗುರವಾಗಿತ್ತು, ಅಗ್ಗವಾಗಿತ್ತು, ರಿಪೇರಿಗೂ ಸುಲಭವಾಗಿತ್ತು. ಮುಂದೆ ಕಮಾರೊದಂಥ ಕಾರುಗಳನ್ನು ಓಡಿಸಿದ್ದು ಇದೇ ವಂಶದ ಎಂಜಿನ್. ದಶಕಗಳ ಕಾಲ ಅದು ತಯಾರಾಗುತ್ತಲೇ ಇತ್ತು.

ಹಾರ್ಸ್‌ಪವರ್: ಉಬ್ಬಿದ ಲೆಕ್ಕ

ಆಗ ಎಂಜಿನ್ನನ್ನು ಕಾರಿನಿಂದ ಹೊರಗಿಟ್ಟು, ಸೈಲೆನ್ಸರ್, ಏರ್ ಫಿಲ್ಟರ್‌ಗಳ ಅಡ್ಡಿಯಿಲ್ಲದೆ ಪವರ್ ಅಳೆಯುತ್ತಿದ್ದರು. 1971ರ ಕಮಾರೊ ಝಡ್28ಕ್ಕೆ ಹೀಗೆ ಸಿಕ್ಕಿದ್ದು 330 ಹಾರ್ಸ್‌ಪವರ್. ಎಲ್ಲ ಜೋಡಿಸಿ ಅಳೆದಾಗ ಅದೇ ಎಂಜಿನ್ನಿಗೆ 275! ಇಂದಿನ ಕಾರುಗಳ ಅಂಕಿ ಎರಡನೇ ಬಗೆಯದು. ಹಾಗಾಗಿ ಎರಡನ್ನೂ ನೇರವಾಗಿ ಹೋಲಿಸುವುದು ತಪ್ಪು.

ಹಳೆಯದೆಲ್ಲ ಗಟ್ಟಿ: ಸುಳ್ಳು

ಕೋಲ್ 1967ರಲ್ಲಿ ಜಿಎಂ ಅಧ್ಯಕ್ಷರಾದರು. ಅವರು ಬೆನ್ನಿಗೆ ನಿಂತು 1970ರಲ್ಲಿ ಹೊರತಂದ ‘ವೇಗಾ’ ಎಂಬ ಸಣ್ಣ ಕಾರಿನ ಅಲ್ಯೂಮಿನಿಯಂ ಎಂಜಿನ್ ಕಾದು ಕೆಡುತ್ತಿತ್ತು, ಬಾಡಿ ಬೇಗ ತುಕ್ಕು ಹಿಡಿಯುತ್ತಿತ್ತು.

ದಪ್ಪ ತಗಡು ಜೀವ ಉಳಿಸುತ್ತದೆ ಎಂಬುದೂ ಭ್ರಮೆ. ಕೋಲ್ ಷೆವ್ರೊಲೆ ಮುಖ್ಯಸ್ಥರಾಗಿದ್ದಾಗ ಬಂದ 1959ರ ಬೆಲ್ ಏರ್ ಕಾರಿಗೂ 2009ರ ಮಾಲಿಬು ಕಾರಿಗೂ ಅಮೆರಿಕದ ವಿಮಾ ಕಂಪನಿಗಳ ರಸ್ತೆ ಸುರಕ್ಷತಾ ಸಂಸ್ಥೆ 2009ರಲ್ಲಿ ಡಿಕ್ಕಿ ಹೊಡೆಸಿತು. ಹಳೇ ಕಾರಿನಲ್ಲಿ ಚಾಲಕ ಕೂರುವ ಜಾಗವೇ ನಜ್ಜುಗುಜ್ಜಾಯಿತು. ಹೊಸ ಕಾರಿನಲ್ಲಿ ಅದು ಹಾಗೇ ಉಳಿಯಿತು.

ಮರೆತುಹೋದ ಕೊಡುಗೆ

ಮಸಲ್ ಕಾರುಗಳ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. ಸೀಸದ ಹೊಗೆ ಮಕ್ಕಳ ಮಿದುಳಿಗೆ ವಿಷ. ಪವರ್ ಕಡಿಮೆಯಾದರೂ ಸರಿ, ಸೀಸವಿಲ್ಲದ ಪೆಟ್ರೋಲಿಗೆ ಹೊಂದುವ ಎಂಜಿನ್ ಬೇಕೆಂದು ಪಟ್ಟು ಹಿಡಿದವರು ಇದೇ ಕೋಲ್. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ 1975ರ ಕಾರುಗಳಿಗೆ ಬಂತು. ಸೀಸ ತಗುಲಿದರೆ ಅದು ಕೆಡುತ್ತದೆ. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತಿದ್ದು 2000ದಲ್ಲಿ. 1974ರಲ್ಲಿ ನಿವೃತ್ತರಾದ ಕೋಲ್, 1977ರಲ್ಲಿ ತಾವೇ ನಡೆಸುತ್ತಿದ್ದ ವಿಮಾನ ಬಿದ್ದು ತೀರಿಕೊಂಡರು.

ಮುಂದೆ ಇಂಥ ಮೆಸೇಜ್ ಬಂದರೆ ಮೂರು ಪ್ರಶ್ನೆ ಕೇಳಿ: ಯಾವ ಕಾರು? ಪವರ್ ಅಳೆದದ್ದು ಹೇಗೆ? ಗಟ್ಟಿ ಇದ್ದದ್ದು ಎಂಜಿನ್ನೋ, ಒಳಗೆ ಕೂತವರ ಸುರಕ್ಷತೆಯೋ? ಉತ್ತರ ಸಿಗದಿದ್ದರೆ ಫಾರ್ವರ್ಡ್ ಮಾಡಬೇಡಿ.