ಬ್ಯಾಟ್ಲಿಂಗ್ ಸಿಕಿ: ಗೆದ್ದ ಮುಷ್ಟಿ, ಸೋತ ಬದುಕು

ಬಾಕ್ಸಿಂಗ್ ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವ ಹೆಸರು ಮುಹಮ್ಮದ್ ಅಲಿಯವರದು. ಅವರು ವಿಶ್ವ ಚಾಂಪಿಯನ್ ಆದದ್ದು 1964ರಲ್ಲಿ. ಅದಕ್ಕೂ 42 ವರ್ಷ ಮೊದಲು ಪಶ್ಚಿಮ ಆಫ್ರಿಕಾದ ಸೆನೆಗಲ್‌ನ ಒಂದು ಮುಸ್ಲಿಮ್ ಮನೆತನದಲ್ಲಿ ಹುಟ್ಟಿದ ಯುವಕನೊಬ್ಬ ಪ್ಯಾರಿಸ್ಸಿನಲ್ಲಿ ವಿಶ್ವ ಚಾಂಪಿಯನ್ ಪಟ್ಟ ಗೆದ್ದಿದ್ದನೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಒಂದು ಕಾಲದಲ್ಲಿ ಯುರೋಪು ಮತ್ತು ಅಮೆರಿಕದ ಪತ್ರಿಕೆಗಳೆಲ್ಲ ಅವನ ಸುದ್ದಿಯಿಂದಲೇ ತುಂಬಿರುತ್ತಿದ್ದವು. ಜಗತ್ತು ಅವನನ್ನು ಬ್ಯಾಟ್ಲಿಂಗ್ ಸಿಕಿ ಎಂದು ಕರೆಯಿತು. ಮನೆಯವರು ಇಟ್ಟ ಹೆಸರು ಅಮಾದು ಎಂಬಾರಿಕ್ ಫಾಲ್. ನಾವು ಮುಬಾರಕ್ ಎನ್ನುವ ಹೆಸರೇ ಅಲ್ಲಿಯವರ ನಾಲಗೆಯಲ್ಲಿ ಎಂಬಾರಿಕ್ ಆಗಿದೆ.

ಅವನು 1897ರಲ್ಲಿ ಸೇಂಟ್ ಲೂಯಿ ಪಟ್ಟಣದಲ್ಲಿ ಹುಟ್ಟಿದ. ಸೆನೆಗಲ್ ಆಗ ಫ್ರೆಂಚರ ವಶದಲ್ಲಿತ್ತು. ಸೇಂಟ್ ಲೂಯಿ ಹಳ್ಳಿಯಲ್ಲ, ಕಾಡಂತೂ ಅಲ್ಲ. ಫ್ರೆಂಚರು 1659ರಲ್ಲಿ ಕಟ್ಟಿದ, ಕೆಲ ಕಾಲ ಅವರ ಪಶ್ಚಿಮ ಆಫ್ರಿಕಾದ ರಾಜಧಾನಿಯೇ ಆಗಿದ್ದ ಹಳೆಯ ಬಂದರು ನಗರ ಅದು. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಮುಂದೆ ಅವನು ಗೆದ್ದಾಗ ಬಿಳಿಯರ ಪತ್ರಿಕೆಗಳು ಅವನನ್ನು ಕಾಡಿನಿಂದ ನೇರವಾಗಿ ಬಂದ ಪ್ರಾಣಿಯೆಂಬಂತೆ ಬಣ್ಣಿಸಿದವು. ಅವನ ಮ್ಯಾನೇಜರನೇ ಅವನನ್ನು ವಾನರಕ್ಕೆ ಹೋಲಿಸಿ ಮಾತನಾಡುತ್ತಿದ್ದ. ಬಾಲ್ಯದಲ್ಲೇ ಫ್ರಾನ್ಸಿಗೆ ಬಂದು ಅಲ್ಲೇ ಬೆಳೆದಿದ್ದ, ಹಲವು ಭಾಷೆಗಳನ್ನು ಆಡುತ್ತಿದ್ದ ಮನುಷ್ಯನ ಬಗ್ಗೆ ಈ ಮಾತುಗಳು!

ಫ್ರಾನ್ಸಿನಲ್ಲಿ ಅವನಿಗೆ ಹೇಳಿಕೊಳ್ಳುವಂಥ ಆಸರೆ ಇರಲಿಲ್ಲ. ಹೋಟೆಲುಗಳಲ್ಲಿ ತಟ್ಟೆ ತೊಳೆದು ಹೊಟ್ಟೆ ಹೊರೆದ. ಹದಿಹರೆಯದಲ್ಲೇ ಹಣಕ್ಕಾಗಿ ಬಾಕ್ಸಿಂಗ್ ಪಂದ್ಯಗಳಿಗೆ ಇಳಿದ. ಮುಖಕ್ಕೆ ಹೊಡೆಯುವುದನ್ನು ನಮ್ಮ ಧರ್ಮ ತಡೆದಿದೆ. ಈ ಕಾರಣದಿಂದ ಬಾಕ್ಸಿಂಗನ್ನು ಒಪ್ಪದ ವಿದ್ವಾಂಸರು ಅನೇಕರಿದ್ದಾರೆ, ಅವರ ಮಾತಿನಲ್ಲಿ ತೂಕವೂ ಇದೆ. ಆದರೆ ಪರದೇಶದಲ್ಲಿ ಒಂಟಿಯಾಗಿದ್ದ ಬಡ ಹುಡುಗನೊಬ್ಬನ ಮುಂದೆ ಎಷ್ಟು ಬಾಗಿಲುಗಳು ತೆರೆದಿದ್ದವೆಂಬುದನ್ನೂ ನಾವು ಯೋಚಿಸಬೇಕಾಗುತ್ತದೆ.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಅವನು ಫ್ರೆಂಚ್ ಸೇನೆಯ ವಸಾಹತು ಪದಾತಿ ದಳಕ್ಕೆ ಸೇರಿದ. ಗಾಯಗೊಂಡ. ಶೌರ್ಯ ಪದಕಗಳನ್ನೂ ಪಡೆದ. ಯುದ್ಧ ಮುಗಿದ ಮೇಲೆ ಮತ್ತೆ ರಿಂಗಿಗೆ ಮರಳಿ ಫ್ರಾನ್ಸ್, ಹಾಲೆಂಡ್ ಮೊದಲಾದ ಕಡೆ ಒಂದರ ಹಿಂದೊಂದರಂತೆ ಪಂದ್ಯಗಳನ್ನಾಡಿದ. ಸೋತದ್ದು ಬೆರಳೆಣಿಕೆಯಷ್ಟು ಮಾತ್ರ. ಹಾಲೆಂಡಿನ ಹೆಣ್ಣನ್ನು ಮದುವೆಯಾದ, ಗಂಡು ಮಗುವಾಯಿತು.

ಆ ದಿನಗಳಲ್ಲಿ ಫ್ರಾನ್ಸಿನ ಕಣ್ಮಣಿ ಜಾರ್ಜ್ ಕಾರ್ಪೆಂಟಿಯೆ. ಲೈಟ್ ಹೆವಿವೈಟ್ ವರ್ಗದ ವಿಶ್ವ ಚಾಂಪಿಯನ್, ಯುದ್ಧವೀರ, ನೋಡಲು ಸುಂದರ. 1922ರ ಸೆಪ್ಟೆಂಬರ್ 24ರಂದು ಪ್ಯಾರಿಸ್ಸಿನ ಬಫೆಲೋ ಕ್ರೀಡಾಂಗಣದಲ್ಲಿ ಅವನೊಡನೆ ಸಿಕಿಯ ಪಂದ್ಯ ಗೊತ್ತಾಯಿತು. ಸುಮಾರು 50 ಸಾವಿರ ಜನ ಸೇರಿದ್ದರು. ಕರಿಯ ಹುಡುಗ ಗೆಲ್ಲುವನೆಂದು ಅಲ್ಲಿ ಯಾರೂ ಬಂದಿರಲಿಲ್ಲ.

ಪಂದ್ಯದ ಒಳಗುಟ್ಟನ್ನು ಸಿಕಿ ಆಮೇಲೆ ತಾನೇ ಬಹಿರಂಗಪಡಿಸಿದ. ಅವನು ಹೇಳಿದ ಪ್ರಕಾರ ಎಲ್ಲವೂ ಮೊದಲೇ ತೀರ್ಮಾನವಾಗಿತ್ತು. ಅವನು ಒಂದಷ್ಟು ಸುತ್ತು ಆಡಿದಂತೆ ಮಾಡಿ, ನಾಲ್ಕನೆಯ ಸುತ್ತಿನಲ್ಲಿ ಬಿದ್ದು ಮೇಲೇಳದೆ ಉಳಿಯಬೇಕಾಗಿತ್ತು. ಮ್ಯಾನೇಜರ್ ಒಪ್ಪಿಬಿಟ್ಟಿದ್ದ. ಕಾರ್ಪೆಂಟಿಯೆಯ ಕಡೆಯವರು ಈ ಆರೋಪವನ್ನು ಅಲ್ಲಗಳೆದರು. ಆದರೆ ಆರಂಭದ ಸುತ್ತುಗಳಲ್ಲಿ ಸಿಕಿ ಆಡಿದ ಬಗೆ ಅವನ ಮಾತಿಗೆ ಪುಷ್ಟಿ ಕೊಡುವಂತೆಯೇ ಇತ್ತು. ಅವನು ಹೆದರಿದವನಂತೆ ಹಿಂಜರಿದ, ಗಟ್ಟಿಯಾಗಿ ಹೊಡೆಯಲಿಲ್ಲ, ಕೆಳಗೂ ಬಿದ್ದ. ಎದುರಾಳಿ ಮಾತ್ರ ಹೊಡೆತದಲ್ಲಿ ಕನಿಕರ ತೋರಲಿಲ್ಲ.

ಅಲ್ಲಿಗೆ ಅವನ ಮನಸ್ಸು ತಿರುಗಿತು. ಇಷ್ಟು ಜನರ ಮುಂದೆ ಸುಳ್ಳು ಸೋಲು ಸೋಲಲಾರೆ ಎಂದು ನಿಶ್ಚಯಿಸಿದ. ಓದುಗರು ಇಲ್ಲಿ ಗಮನಿಸಬೇಕು, ಇವನು ಮೊದಲಿನಿಂದಲೂ ಪ್ರಾಮಾಣಿಕನಾಗಿದ್ದವನಲ್ಲ. ಮೋಸದ ಒಪ್ಪಂದಕ್ಕೆ ತಲೆಯಾಡಿಸಿಯೇ ರಿಂಗಿಗೆ ಹತ್ತಿದ್ದ. ಅರ್ಧ ದಾರಿ ನಡೆದ ಮೇಲೆ ಹಿಂದಿರುಗಿದ. ಮೊದಲೇ ಒಲ್ಲೆ ಎನ್ನುವುದಕ್ಕಿಂತ ಇದು ಕಷ್ಟದ ಕೆಲಸವೆಂದೇ ನನಗೆ ತೋರುತ್ತದೆ. ಹಾಗೆ ಮಾಡಿದರೆ ಮ್ಯಾನೇಜರ್ ಶತ್ರುವಾಗುತ್ತಾನೆ, ಪಂದ್ಯ ನಡೆಸುವವರೆಲ್ಲ ಕೈಬಿಡುತ್ತಾರೆ ಎಂಬುದು ಅವನಿಗೆ ತಿಳಿಯದ ವಿಷಯವಾಗಿರಲಿಲ್ಲ.

ನಾಲ್ಕನೆಯ ಸುತ್ತಿನಿಂದ ಪಂದ್ಯದ ಚಹರೆಯೇ ಬದಲಾಯಿತು. ಆರನೆಯ ಸುತ್ತಿನಲ್ಲಿ ಕಾರ್ಪೆಂಟಿಯೆ ರಕ್ತಸಿಕ್ತ ಮುಖದೊಂದಿಗೆ ನೆಲಕ್ಕೊರಗಿದ, ಮೇಲೇಳಲಾಗಲಿಲ್ಲ. ಆಗ ರೆಫ್ರಿ ಒಂದು ವಿಚಿತ್ರ ತೀರ್ಪು ಕೊಟ್ಟ. ಸಿಕಿ ಕಾಲು ಕೊಟ್ಟು ಬೀಳಿಸಿದ್ದಾನೆ, ಆದ್ದರಿಂದ ಅವನು ಅನರ್ಹ, ಗೆದ್ದವನು ಕಾರ್ಪೆಂಟಿಯೆ ಎಂದುಬಿಟ್ಟ. ನೆರೆದಿದ್ದ ಜನ ಫ್ರೆಂಚರು, ಸೋತು ಬಿದ್ದವನು ಅವರ ಆರಾಧ್ಯ ವೀರ. ಆದರೂ ಕಣ್ಣಾರೆ ಕಂಡದ್ದನ್ನು ಅವರು ಸುಳ್ಳಾಗಲು ಬಿಡಲಿಲ್ಲ. ಇಡೀ ಕ್ರೀಡಾಂಗಣವೇ ಪ್ರತಿಭಟಿಸಿತು. ಕೊನೆಗೆ ತೀರ್ಪುಗಾರರು ರೆಫ್ರಿಯ ನಿರ್ಣಯವನ್ನು ರದ್ದುಪಡಿಸಿ ಸಿಕಿಯನ್ನು ವಿಜಯಿಯೆಂದು ಘೋಷಿಸಿದರು. ತಮ್ಮವನ ವಿರುದ್ಧವೇ ನ್ಯಾಯ ಕೇಳಿದ ಆ ಹೆಸರಿಲ್ಲದ ಜನರಿಗೂ ಈ ಕಥೆಯಲ್ಲಿ ಪಾಲಿದೆ.

ಗೆಲುವಿನ ಸಂಭ್ರಮ ಬಹಳ ದಿನ ಉಳಿಯಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಬೇರೊಬ್ಬರ ಪಂದ್ಯದ ವೇಳೆ ಎದುರಾಳಿಯ ಮ್ಯಾನೇಜರನ ಮೇಲೆ ಕೈಮಾಡಿದನೆಂಬ ಕಾರಣಕ್ಕೆ ಫ್ರೆಂಚ್ ಬಾಕ್ಸಿಂಗ್ ಫೆಡರೇಷನ್ ಅವನನ್ನು ಅಮಾನತು ಮಾಡಿತು. ಲಂಡನ್ನಿನಲ್ಲಿ ಗೊತ್ತಾಗಿದ್ದ ಪಂದ್ಯವನ್ನು ಬ್ರಿಟಿಷ್ ಸರಕಾರ ತಡೆಯಿತು. ಬಿಳಿಯನನ್ನು ಕರಿಯ ಹೊಡೆದುರುಳಿಸುವುದನ್ನು ವಸಾಹತುಗಳ ಜನ ನೋಡಿದರೆ ಗತಿಯೇನು ಎಂಬ ಭಯ ಆಳುವವರಿಗಿತ್ತು. ಸೆನೆಗಲ್‌ನಿಂದ ಆಯ್ಕೆಯಾಗಿದ್ದ ಬ್ಲೇಸ್ ಡಿಯಾನ್ಯ ಫ್ರೆಂಚ್ ಸಂಸತ್ತಿನಲ್ಲೇ ಅವನ ಪರವಾಗಿ ದನಿಯೆತ್ತಿದರು. ಆಗ ಪ್ಯಾರಿಸ್ಸಿನಲ್ಲಿದ್ದು, ಮುಂದೆ ಹೋ ಚಿ ಮಿನ್ ಎಂದು ಪ್ರಸಿದ್ಧರಾದ ವಿಯೆಟ್ನಾಮಿನ ತರುಣ ಪತ್ರಿಕೆಯಲ್ಲಿ ಅವನ ಬಗ್ಗೆ ಬರೆದರು.

ಇಷ್ಟೆಲ್ಲ ಅನ್ಯಾಯ ನಡೆಯುತ್ತಿದ್ದಾಗ ಸಿಕಿ ಏನು ಮಾಡುತ್ತಿದ್ದ? ದುಃಖದ ಸಂಗತಿಯೆಂದರೆ, ಕುಡಿಯುತ್ತಿದ್ದ. ದುಬಾರಿ ಉಡುಪು ತೊಟ್ಟು ಸಿಂಹದ ಮರಿಯನ್ನು ಹಗ್ಗ ಕಟ್ಟಿ ಪ್ಯಾರಿಸ್ಸಿನ ಬೀದಿಗಳಲ್ಲಿ ನಡೆಸುತ್ತಿದ್ದ. ಅವನನ್ನು ಕಾಡಿನವನೆಂದು ಹೀಯಾಳಿಸಿದವರಿಗೆ ಅವರು ಬಯಸಿದ ಚಿತ್ರವನ್ನೇ ತಾನಾಗಿ ಒದಗಿಸಿದಂತಾಯಿತು. ಹಣ ನೀರಿನಂತೆ ಹರಿಯಿತು. ಕೇಳಿದವರಿಗೆ, ಕೇಳದವರಿಗೆ ಎಲ್ಲರಿಗೂ ಕೊಟ್ಟ, ಕುಡಿಸಿದ. ಅವನ ಸುತ್ತ ಜನ ಬೇಕಾದಷ್ಟು ಇದ್ದರು. ಕೈಹಿಡಿದು ಮನೆಗೆ ಕರೆದೊಯ್ಯುವವರು ಯಾರೂ ಇರಲಿಲ್ಲ.

ಫ್ರಾನ್ಸಿನಲ್ಲೂ ಇಂಗ್ಲೆಂಡಿನಲ್ಲೂ ಬಾಗಿಲು ಮುಚ್ಚಿದ್ದರಿಂದ ಅವನು ಐರ್ಲೆಂಡಿನಲ್ಲಿ ಪಟ್ಟವನ್ನು ಪಣಕ್ಕಿಡಲು ಒಪ್ಪಿದ. ಎದುರಾಳಿ ಐರ್ಲೆಂಡಿನವನೇ ಆದ ಮೈಕ್ ಮ್ಯಾಕ್‌ಟೀಗ್. ಸ್ಥಳ ಡಬ್ಲಿನ್. ದಿನ 1923ರ ಮಾರ್ಚ್ 17, ಐರಿಷ್ ಜನರ ರಾಷ್ಟ್ರೀಯ ಹಬ್ಬ. ಅಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಪಂದ್ಯದ ಜಾಗದ ಸಮೀಪದಲ್ಲೇ ಬಾಂಬ್ ಸಿಡಿಯಿತು. 20 ಸುತ್ತುಗಳ ನಂತರ ಅಂಕಗಳ ಲೆಕ್ಕದಲ್ಲಿ ಮ್ಯಾಕ್‌ಟೀಗ್ ಗೆದ್ದನೆಂದು ಸಾರಲಾಯಿತು. ಪಟ್ಟ ಅವನ ಬಳಿ ಉಳಿದದ್ದು ಆರು ತಿಂಗಳಿಗೂ ಕಡಿಮೆ. ಅಂಥ ದಿನ, ಅಂಥ ಊರಿನಲ್ಲಿ, ಅಲ್ಲಿಯವನನ್ನೇ ಎದುರಿಸಲು ಒಪ್ಪಿದ ಅವನ ಮುಗ್ಧತೆಗೆ ಏನು ಹೇಳುವುದೋ ತಿಳಿಯದು.

ಅದೇ ವರ್ಷ ಹೆಂಡತಿ ಮಗುವನ್ನು ಯುರೋಪಿನಲ್ಲೇ ಬಿಟ್ಟು ಅಮೆರಿಕಕ್ಕೆ ಹೋದ. ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಕಿಡ್ ನಾರ್ಫೋಕ್ ಎಂಬ ಕರಿಯ ಬಾಕ್ಸರನಿಂದ ಸೋತ. ಆಮೇಲಿನ ಎರಡು ವರ್ಷಗಳ ಕಥೆಯನ್ನು ವಿಸ್ತರಿಸುವುದು ಬೇಡ. ಅಲ್ಲೊಂದು ಮದುವೆ, ಹೆಚ್ಚುತ್ತಿದ್ದ ಸೋಲುಗಳು, ಹೆಂಡದಂಗಡಿಗಳಲ್ಲಿ ಹೊಡೆದಾಟ, ಪೊಲೀಸ್ ಠಾಣೆ, ಗಡೀಪಾರಿನ ಪ್ರಯತ್ನ. ಅಮೆರಿಕದಲ್ಲಿ ಆಗ ಮದ್ಯವನ್ನು ಕಾನೂನೇ ನಿಷೇಧಿಸಿತ್ತು. ಕುಡಿಯಬೇಕೆಂದವನಿಗೆ ಸಿಗುತ್ತಿದ್ದುದು ಕಳ್ಳಸಾಗಣೆಯ ಹೆಂಡ, ಜೊತೆಗೆ ಅದನ್ನು ಮಾರುವ ರೌಡಿಗಳ ಸಹವಾಸ.

1925ರ ಡಿಸೆಂಬರ್ 15ರ ಮುಂಜಾವಿಗೆ ಮೊದಲು, ನ್ಯೂಯಾರ್ಕಿನ 41ನೆಯ ಬೀದಿಯಲ್ಲಿ ಅವನ ಶವ ಸಿಕ್ಕಿತು. ಗುಂಡು ಹೊಕ್ಕಿದ್ದು ಬೆನ್ನಿಗೆ. ಅದಕ್ಕೆ ಸ್ವಲ್ಪ ಮೊದಲು ಗಸ್ತಿನ ಪೊಲೀಸನೊಬ್ಬ ಅವನನ್ನು ಕಂಡಿದ್ದ. ಮನೆಗೆ ಹೋಗುತ್ತಿದ್ದೇನೆಂದು ಅವನು ತಿಳಿಸಿದ್ದ. ಆಗ ಅವನ ವಯಸ್ಸು 28. ಮುಖಾಮುಖಿ ನಿಂತು ಅವನನ್ನು ಎದುರಿಸಿದವರ ಹೆಸರುಗಳೆಲ್ಲ ದಾಖಲೆಯಲ್ಲಿವೆ. ಹಿಂದಿನಿಂದ ಕೊಂದವರಿಗೆ ಶಿಕ್ಷೆಯಾಗಲೇ ಇಲ್ಲ.

ಅವನನ್ನು ನ್ಯೂಯಾರ್ಕಿನ ಫ್ಲಶಿಂಗ್ ಸ್ಮಶಾನದಲ್ಲಿ ಮಣ್ಣು ಮಾಡಲಾಯಿತು. ಸೆನೆಗಲ್ 1960ರಲ್ಲಿ ಸ್ವತಂತ್ರವಾಯಿತು. 1993ರಲ್ಲಿ, ಅಂದರೆ ಅವನು ತೀರಿಕೊಂಡ 68 ವರ್ಷಗಳ ಬಳಿಕ, ಅವನ ಅಸ್ಥಿಗಳನ್ನು ಅಮೆರಿಕದಿಂದ ಕೊಂಡೊಯ್ದು ಹುಟ್ಟೂರು ಸೇಂಟ್ ಲೂಯಿಯಲ್ಲಿ ದಫನ ಮಾಡಿದರು. ಬಾಲ್ಯದಲ್ಲಿ ಬಿಟ್ಟುಹೋದ ಊರಿಗೆ ಎಂಬಾರಿಕ್ ಫಾಲ್ ಮರಳಿದ್ದು ಹೀಗೆ.